ಚೌಕದ ಲೆಕ್ಕ, ಮನೆಯ ಲೆಕ್ಕ

ನಮ್ಮೂರಿನಲ್ಲಿ ಯಾರನ್ನಾದರೂ ‘ನಿಮಗೆ ಮದುವೆಯಾಗಿ ಎಷ್ಟು ವರ್ಷವಾಯಿತು’ ಎಂದು ಕೇಳಿ ನೋಡಿ. ‘ಯಾವ ಲೆಕ್ಕದಲ್ಲಿ?’ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಹೊಸಬರಿಗೆ ಇದು ತಲೆಹರಟೆ ಅನ್ನಿಸುತ್ತದೆ. ತಲೆಹರಟೆಯಲ್ಲ ಸ್ವಾಮಿ, ನಮ್ಮಲ್ಲಿ ಲೆಕ್ಕ ಇರುವುದೇ ಎರಡು. ಊರ ಚೌಕದಲ್ಲಿ, ಗಡಿಯಾರದ ಕಂಬದ ಕೆಳಗೆ, ಒಂದು ದೊಡ್ಡ ಕ್ಯಾಲೆಂಡರ್ ಇದೆ. ಎಲ್ಲ ಊರುಗಳ ಕ್ಯಾಲೆಂಡರಿನ ಹಾಗೆ ಅದು ದಿನಕ್ಕೊಂದು ಹಾಳೆ ಕಳೆದುಕೊಂಡು ಹೋಗುತ್ತದೆ. ಹಬ್ಬ, ಸಂತೆ, ಶಾಲೆ, ಬ್ಯಾಂಕು ಎಲ್ಲ ಅದರ ಪ್ರಕಾರ. ಇನ್ನೊಂದು, ಮದುವೆಯ ದಿನ ಗಂಡಹೆಂಡಿರ ಕೋಣೆಯಲ್ಲಿ ಮೊಳೆ ಹೊಡೆದು ನೇತುಹಾಕುವ ಮನೆಯ ಕ್ಯಾಲೆಂಡರ್. ಇಬ್ಬರೂ ಒಂದೇ ಸೂರಿನ ಕೆಳಗೆ ಮಲಗಿ ಎದ್ದರೆ ಮಾತ್ರ ಬೆಳಿಗ್ಗೆ ಅದರ ಹಾಳೆ ತಾನಾಗಿ ಉದುರುತ್ತದೆ. ಒಬ್ಬರು ಊರಲ್ಲಿಲ್ಲವೋ, ನೀವು ನೇತಾಡಿ ಜಗ್ಗಿದರೂ ಬರುವುದಿಲ್ಲ.

ನಾವು ಇದಕ್ಕೆ ಒಗ್ಗಿಕೊಂಡಿದ್ದೇವೆ. ಬಳೆ ಅಂಗಡಿಯ ಶೆಟ್ಟರು ಹೆಂಡತಿಯ ಮೇಲೆ ಮುನಿಸಿಕೊಂಡು ಜಗಲಿಯ ಮೇಲೆ ಮಲಗಿದರೆ ಅವರ ಮನೆಯ ಹಾಳೆ ಅರ್ಧ ಕಳಚಿಕೊಂಡು ಜೋತಾಡುತ್ತಿರುತ್ತದೆ. ಆಯಮ್ಮ ಅಂಗಡಿಗೆ ಕಾಫಿ ಕಳಿಸಿದ ಮೇಲೆಯೇ ಅದು ಬೀಳುವುದು. ಮಿಲಿಟರಿಯಿಂದ ನಿವೃತ್ತನಾಗಿ ಬಂದ ಸುಬೇದಾರನಿಗೆ ತಲೆಯೆಲ್ಲ ನೆರೆತಿದ್ದರೂ ಮನೆ ಲೆಕ್ಕದಲ್ಲಿ ಅವನಿನ್ನೂ ಮೂರನೇ ವರ್ಷದ ಮದುಮಗ. ಹೆಂಡತಿ ಈಗಲೂ ಬಾಗಿಲ ಮರೆಯಲ್ಲಿ ನಿಂತೇ ಅವನೊಡನೆ ಮಾತನಾಡುತ್ತಾಳೆ.

ನನ್ನ ಹೆಸರು ಸಾಕಮ್ಮ. ನಮ್ಮವ್ವ ಸಾಲಾಗಿ ಆರು ಹೆಣ್ಣು ಹೆತ್ತು, ಏಳನೆಯವಳಾದ ನನಗೆ ‘ಸಾಕು’ ಎಂದು ಹೆಸರಿಟ್ಟಳು. ದೇವರಿಗೆ ಅದು ಕೇಳಿಸಿರಬೇಕು, ನನ್ನ ಬೆನ್ನಿಗೆ ಒಂದು ಗಂಡು ಕೊಟ್ಟ. ಅವನೇ ಹಿಟ್ಟಿನ ಗಿರಣಿ ಇಟ್ಟಿರುವ ನನ್ನ ತಮ್ಮ ಮುದ್ದಯ್ಯ. ಇಂಥ ವಂಶದಲ್ಲಿ ಹುಟ್ಟಿದವಳಾದ್ದರಿಂದ ಹೆರುವ ವಿಷಯದಲ್ಲಿ ನನಗೆ ಒಂದು ಕೈ ಜಂಬ ಹೆಚ್ಚು. ‘ಮದುವೆಯಾಗಿ ವರ್ಷ ತುಂಬುವುದರೊಳಗೆ ತೊಟ್ಟಿಲು ಕಟ್ಟಿದವಳು ನಾನು’ ಎಂದು ಬೀದಿ ನಲ್ಲಿಯ ಹತ್ತಿರ ಹೇಳಿ ಹೇಳಿ, ಕೊಡಗಳಿಗೂ ಆ ಮಾತು ಬಾಯಿಪಾಠವಾಗಿದೆ.

ಆ ತೊಟ್ಟಿಲಲ್ಲಿ ಮಲಗಿದವನು ನನ್ನ ಮಗ ಮಾದೇಶ. ಈಗ ಬೋರ್‌ವೆಲ್ ಲಾರಿಯಲ್ಲಿ ಕೆಲಸ. ಊರೂರು ಸುತ್ತಿ ನೆಲ ಕೊರೆದು ನೀರು ತೆಗೆಯುತ್ತಾನೆ. ಎರಡು ಮೂರು ತಿಂಗಳಿಗೊಮ್ಮೆ ಕೆಂಪು ಧೂಳು ಮೆತ್ತಿಕೊಂಡು ಬಂದು ವಾರ ಇದ್ದು ಹೋಗುತ್ತಾನೆ. ಸೊಸೆ ಜಯಶೀಲಳ ತವರಿನಲ್ಲಿ ಒಲೆ, ಕುಕ್ಕರು ರಿಪೇರಿಯ ಕಸುಬು. ಆ ವಿದ್ಯೆ ಅವಳ ಕೈಗೂ ಹತ್ತಿದೆ. ಊರಿನ ಕುಕ್ಕರುಗಳೆಲ್ಲ ನಮ್ಮ ಜಗಲಿಯ ಮೇಲೆ ಸಾಲಾಗಿ ಕೂತಿರುತ್ತವೆ, ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ರೋಗಿಗಳ ಹಾಗೆ. ಮಾತು ಕಡಿಮೆ, ಕೆಲಸ ಜಾಸ್ತಿ. ಒಳ್ಳೆಯ ಹುಡುಗಿಯೇ. ಆದರೆ ಮದುವೆಯಾಗಿ ಏಳು ವರ್ಷವಾದರೂ ಮಗುವಾಗಲಿಲ್ಲ. ಏಳು ವರ್ಷ ಎಂದರೆ ಚೌಕದ ಲೆಕ್ಕದಲ್ಲಿ. ನಮ್ಮೂರ ಅತ್ತೆಯರದು ಹಿಂದಿನಿಂದಲೂ ನಡೆದುಬಂದ ರೂಢಿ: ತಮ್ಮ ಹೆರಿಗೆಗೆ ಮನೆ ಲೆಕ್ಕ, ಸೊಸೆಯ ಹೆರಿಗೆಗೆ ಚೌಕದ ಲೆಕ್ಕ. ಇದರಲ್ಲಿ ತಪ್ಪೇನಾದರೂ ಇದೆ ಎಂದು ಯಾವ ಅತ್ತೆಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಯುಗಾದಿ ಕಳೆದ ವಾರ ಮುದ್ದಯ್ಯ ಬಂದ. ನೆಂಟರಿಷ್ಟರು ನಾಲ್ಕಾರು ಜನ ಕೂತಿದ್ದರು. “ಅಕ್ಕ, ಏಳು ವರ್ಷ ಆಯ್ತು. ಇನ್ನೂ ಎಷ್ಟು ದಿನ ಕಾಯ್ತೀಯ? ನಮ್ಮ ಚೆಲುವಾಂಬ ಬೆಳೆದು ನಿಂತವಳೆ. ಸೋದರಮಾವನ ಮಗಳು, ಹಕ್ಕಿನ ಸಂಬಂಧ,” ಎಂದ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವನೇ ಮುಂದುವರಿಸಿದ: “ಸರ್ವೆಯೋರು ಬರ್ತಾವ್ರಂತೆ. ಯಾವ ಹೆಂಗಸಿಗೆ ಮಕ್ಕಳಾಗ್ತವೆ, ಯಾರಿಗೆ ಆಗಲ್ಲ ಅಂತ ಮನೆಮನೆಗೂ ಹೋಗಿ ಗುರುತು ಹಾಕ್ತಾರಂತೆ.”

ನನ್ನ ನಾಲಿಗೆಗೆ ಎಲುಬಿಲ್ಲ, ಎಲ್ಲರ ಎದುರಿಗೆ ಅಂದುಬಿಟ್ಟೆ: “ಹಂಗಾದ್ರೆ ಆ ಕಾಗದ ಏನ್ ಹೇಳುತ್ತೋ ಅದೇ ಆಗ್ಲಿ. ಆಗಲ್ಲ ಅಂತ ಬಂದೋಳು ತವರಿಗೆ ಹೋಗ್ಲಿ. ಸಾಕಮ್ಮನ ಮಾತು ಅಂದ್ರೆ ಮಾತು.” ಜಗಲಿಯಲ್ಲಿ ಕುಕ್ಕರಿನ ಹಿಡಿ ಬಿಗಿಯುತ್ತಿದ್ದ ಜಯಶೀಲಳಿಗೆ ಇದು ಕೇಳಿಸಿತು. ಅವಳು ತಲೆ ಎತ್ತಲಿಲ್ಲ. ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅನ್ನುತ್ತಾರೆ. ಒಲೆಯ ತೂತನ್ನಾದರೆ ಅವಳು ಮುಚ್ಚಿಕೊಳ್ಳುತ್ತಿದ್ದಳು. ನನ್ನ ಮಾತಿಗೆ ಅವಳ ಹತ್ತಿರ ರಿಪೇರಿ ಇರಲಿಲ್ಲ.

ಅದಾಗಿ ಎರಡು ವಾರಕ್ಕೆ, ಶನಿವಾರ ಬೆಳಿಗ್ಗೆ, ಸರ್ವೆ ಮೇಡಂ ನಮ್ಮ ಮನೆಗೆ ಬಂದರು. ಪ್ರೇಮಕುಮಾರಿ ಎಂದು ಹೆಸರು. ನಲವತ್ತರ ಹೆಂಗಸು, ಹೆಗಲಿಗೆ ಫಾರಂ ತುಂಬಿದ ಚೀಲ, ಮುಖವೆಲ್ಲ ಬೆವರು. ಪಾಪ, ನಮ್ಮೂರಿನಲ್ಲಿ ಅವರು ಮೊದಲ ವಾರವೇ ಸೋತಿದ್ದರು. ಮದುವೆಯಾಗಿ ಎಷ್ಟು ವರ್ಷ ಎಂದು ಕೇಳಿದರೆ ಜನ ಕೋಣೆಗೆ ಹೋಗಿ ತಮ್ಮ ತಮ್ಮ ಕ್ಯಾಲೆಂಡರ್ ನೋಡಿ ಹೇಳಿದ್ದಾರೆ, ಇವರು ಹಾಗೆಯೇ ಬರೆದುಕೊಂಡಿದ್ದಾರೆ. ಮದುವೆಯಾಗಿ ಎರಡು ವರ್ಷ, ಹಿರಿಯ ಮಗ ಎಸ್ಸೆಸ್ಸೆಲ್ಸಿ! ಮೇಲಧಿಕಾರಿ ಫಾರಮ್ಮಿನ ಇಡೀ ಕಟ್ಟನ್ನೇ ವಾಪಸು ಕಳಿಸಿ, ‘ಇನ್ನು ಮುಂದೆ ಚೌಕದ ಲೆಕ್ಕ ಮಾತ್ರ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದನಂತೆ.

ನೀರುಮಜ್ಜಿಗೆ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು, “ಅಜ್ಜಿ, ನೀವು ಸ್ವಲ್ಪ ಹೊರಗಿರಿ. ನಿಮ್ಮ ಸೊಸೆ ಒಬ್ಬರನ್ನೇ ಕೇಳಬೇಕು, ಅದು ರೂಲ್ಸು,” ಎಂದರು.

“ಅಜ್ಜಿ ಅಂತ ಯಾರನ್ನ ಕರೆದ್ರಿ? ಅಜ್ಜಿ ಆಗಿದ್ರೆ ಈ ತಾಪತ್ರಯ ಯಾಕಿತ್ತು?” ಎಂದೆ. ಮೇಡಂ ನಕ್ಕರು. ಬಾಗಿಲನ್ನು ಮಾತ್ರ ಮುಚ್ಚಿಕೊಂಡರು. ನನ್ನ ಮನೆಯಲ್ಲಿ ನನ್ನನ್ನೇ ಹೊರಗೆ ಹಾಕಿದ ಮೊದಲ ಹೆಂಗಸು ಅವರು.

ಕುಕ್ಕರುಗಳ ನಡುವೆ ನಾನೂ ಒಂದು ಕುಕ್ಕರಿನ ಹಾಗೆ ಬುಸುಗುಡುತ್ತ ಕೂತೆ. ಎದುರುಮನೆಯ ಪುಟ್ಟತಾಯಿ ಬಂದು ಪಕ್ಕದಲ್ಲಿ ಕುಳಿತಳು. ಅವಳಿಗೆ ಹನ್ನೊಂದು ವರ್ಷದ ಒಬ್ಬಳು ಮಗಳು; ಇನ್ನೊಂದು ಬೇಕೆಂದು ಹರಕೆ ಹೊತ್ತು ಹೊತ್ತು ಸುತ್ತಲಿನ ದೇವರುಗಳೆಲ್ಲ ಅವಳಿಗೆ ಪರಿಚಯದವರಾಗಿದ್ದರು. “ನನ್ನನ್ನೂ ಕೇಳಿದ್ರು ಸಾಕಮ್ಮಕ್ಕ,” ಎಂದಳು ಖುಷಿಯಿಂದ. “ಒಂದು ಹೆತ್ತೋಳಿಗೆ ಏನು ಸಂಕಟ ಅಂತ ಎಲ್ರೂ ಬಾಯಿ ಮುಚ್ಚಿಸ್ತಿದ್ರಲ್ಲ, ಈ ಮೇಡಂ ಹತ್ರ ಅದಕ್ಕೂ ಬೇರೆ ಕಾಲಂ ಐತೆ ಕಣಕ್ಕ. ಒಂದಾದ ಮೇಲೆ ಇನ್ನೊಂದು ಆಗದೋರದ್ದು. ನಾನೊಬ್ಬಳೇ ಅಲ್ವಂತೆ!” ಕಾಲಂ ಸಿಕ್ಕಿದ್ದಕ್ಕೇ ಇಷ್ಟು ಸಂತೋಷಪಟ್ಟವಳನ್ನು ನಾನು ನೋಡಿರಲಿಲ್ಲ. ನನಗೆ ಅವಳ ಸಂತೋಷ ಕೇಳುವ ವ್ಯವಧಾನವಿರಲಿಲ್ಲ, ಕಿವಿಯೆಲ್ಲ ಬಾಗಿಲ ಕಡೆಗೆ ಇತ್ತು.

ಅರ್ಧ ಗಂಟೆಯಾದ ಮೇಲೆ ಬಾಗಿಲು ತೆರೆಯಿತು. “ಏನ್ ಬಂತು ಮೇಡಂ?” ಎಂದು ಎದ್ದೆ. “ಅದನ್ನೆಲ್ಲ ಹೇಳಂಗಿಲ್ಲಮ್ಮ, ಗುಟ್ಟಾಗಿಡಬೇಕು,” ಎಂದು ಅವರು ಚೀಲ ಕಟ್ಟತೊಡಗಿದರು. ಹಿಂದೆಯೇ ಬಂದ ಜಯಶೀಲ ಮಾಮೂಲಿ ದನಿಯಲ್ಲಿ ಹೇಳಿದಳು: “ಮಗು ಆಗದೋರ ಕಾಲಮ್ಮಿಗೆ ಹೌದು ಅಂತ ಬಿದ್ದಿದೆ ಅತ್ತೆ. ಅವರು ಗುರುತು ಹಾಕಿದ್ದನ್ನ ನಾನೇ ನೋಡಿದೆ.” ಹೇಳಿ, ತನ್ನ ಮಣೆಯ ಮೇಲೆ ಕೂತು ಒಂದು ಕುಕ್ಕರಿನ ಮುಚ್ಚಳ ಬಿಚ್ಚಿದಳು. ನಟ್ಟು ಎರಡು ಸಲ ಜಾರಿ ಬಿತ್ತು.

ನನಗೆ ಗೆದ್ದ ಹಾಗೆ ಅನ್ನಿಸಬೇಕಾಗಿತ್ತು. ಯಾಕೋ ಅನ್ನಿಸಲಿಲ್ಲ. ಅದನ್ನು ಮುಚ್ಚಿಕೊಳ್ಳಲು ಮೇಡಂ ಮೇಲೆ ಬಿದ್ದೆ. “ಅದ್ಯಾವ ಅಳತೇಲಿ ಅಳೀತೀರಿ ನೀವು? ಸೇರೋ, ಪಾವೋ?”

“ಡಾಕ್ಟರ ಲೆಕ್ಕದಲ್ಲಿ ಹನ್ನೆರಡು ತಿಂಗಳು,” ಎಂದು ಅವರು ತಾಳ್ಮೆಯಿಂದ ವಿವರಿಸಿದರು. “ಗಂಡ ಹೆಂಡತಿ ಜೊತೆಗಿದ್ದು, ತಡೆಯೋಕೆ ಅಂತ ಏನೂ ಮಾಡದೆ, ವರ್ಷವಾದ್ರೂ ಗರ್ಭ ನಿಲ್ಲದಿದ್ರೆ ತೊಂದ್ರೆ ಇದೆ ಅಂತಾರೆ. ನಾವು ಮನೆಮನೆಗೂ ಹೋಗಿ ಬಾಯಿಮಾತಲ್ಲಿ ಕೇಳೋರು. ಅಷ್ಟು ಕರಾರುವಾಕ್ಕಾಗಿ ಯಾರಿಗೆ ನೆನಪಿರುತ್ತೆ? ಅದಕ್ಕೆ ನಮ್ಮ ಸರ್ವೇಲಿ ಐದು ವರ್ಷ. ಮದುವೆಯಾಗಿ ಐದು ವರ್ಷ ಆಗಿರಬೇಕು, ಮಗು ಬೇಕು ಅಂತಿರಬೇಕು, ಮಾತ್ರೆಗೀತ್ರೆ ತಗೊಂಡಿರಬಾರದು. ಆದ್ರೂ ಮಗು ಹುಟ್ಟಿಲ್ಲ ಅಂದ್ರೆ ಹೌದು ಅಂತ ಗುರುತು.”

“ಅಂದ್ರೆ ಮದುವೆಯಾಗಿ ಎರಡು ವರ್ಷ ಆದೋಳು ಡಾಕ್ಟರ ಹತ್ರ ಹೋದ್ರೆ ಬಂಜೆ, ನಿಮ್ಮ ಹತ್ರ ಬಂದ್ರೆ ಅಲ್ಲ?”

“ಹಂಗೂ ಅನ್ನಬಹುದು. ಅಳತೆ ಬದಲಾಯಿಸಿದ್ರೆ ಅದೇ ಊರಿನ ಲೆಕ್ಕ ಏರುತ್ತೆ, ಇಳಿಯುತ್ತೆ.”

“ಗಂಡಸರನ್ನ ಕೇಳಲ್ವಾ?”

“ಗಂಡಸರ ಫಾರಂ ಬೇರೆ ಇದೆ. ಅದರಲ್ಲಿ ಈ ಕಾಲಂ ಇಲ್ಲ.”

“ಆಹಾ! ಗಂಡಸರೇನು ಬರೀ ಮದುವೆ ಊಟಕ್ಕೆ ಬಂದೋರಾ?” ಎಂದೆ. ಪುಟ್ಟತಾಯಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಮೇಡಂ ಎದುರಿಗೆ ಕೂತೆ. “ಹಂಗಾದ್ರೆ ನಂದೂ ಬರ್ಕೊಳ್ಳಿ. ಸರಿಯಾದ ಫಾರಂ ಹೆಂಗಿರುತ್ತೆ ಅಂತ ನಿಮಗೂ ಗೊತ್ತಾಗ್ಲಿ, ಇವಳಿಗೂ ಗೊತ್ತಾಗ್ಲಿ.”

ನಲವತ್ತೊಂಬತ್ತು ದಾಟಿದವರನ್ನು ಕೇಳುವುದಿಲ್ಲವಂತೆ. ಹೆತ್ತು ಮುಗಿಸಿದವಳ ಮಾತಿಗೆ ಸರ್ಕಾರದಲ್ಲಿ ಬೆಲೆಯಿಲ್ಲ ನೋಡಿ. ಬಿಡುವವಳೇ ನಾನು? ಕಡೆಗೆ ಮೇಡಂ ಚಿತ್ತಾಗಿದ್ದ ಒಂದು ಫಾರಂ ತೆಗೆದು, “ಇದು ಲೆಕ್ಕಕ್ಕೆ ಬರಲ್ಲ, ನಿಮ್ಮ ಸಮಾಧಾನಕ್ಕೆ,” ಎಂದು ಪೆನ್ನು ಹಿಡಿದರು. ಮದುವೆಯಾದದ್ದು ಯಾವ ವರ್ಷ ಎಂದರು. ಮೊದಲನೇ ಹೆರಿಗೆ ಮದುವೆಯಾದ ಹನ್ನೊಂದನೇ ತಿಂಗಳಿಗೆ ಎಂದೆ. “ಚೌಕದ ಲೆಕ್ಕ ಹೇಳಿ,” ಎಂದರು. ಮಾದೇಶನ ಶಾಲೆಯ ಸರ್ಟಿಫಿಕೇಟು, ನನ್ನ ಲಗ್ನಪತ್ರಿಕೆ ಎರಡನ್ನೂ ಹುಡುಕಿ ತಂದುಕೊಟ್ಟೆ, ಹೆಮ್ಮೆಯಿಂದಲೇ. ಅವರು ಎರಡನ್ನೂ ಅಕ್ಕಪಕ್ಕ ಇಟ್ಟು ಬೆರಳು ಮಡಚಿದರು. ಮಡಚುತ್ತಲೇ ಹೋದರು.

“ಎಂಟು ವರ್ಷ ಆಗುತ್ತಲ್ಲಮ್ಮ,” ಎಂದರು. “ಐದು ದಾಟಿತು. ಆಗ ಯಾರಾದ್ರೂ ಸರ್ವೆಗೆ ಬಂದಿದ್ರೆ ನಿಮಗೂ ಹೌದು ಅಂತಲೇ ಹಾಕಿರೋರು.” ಹೇಳಿ, ಪೆನ್ನಿನಿಂದ ಆ ಚಿತ್ತು ಫಾರಮ್ಮಿನ ಕಾಲಮ್ಮಿನಲ್ಲಿ ಗುರುತು ಹಾಕಿಯೇಬಿಟ್ಟರು.

ನನಗೆ ಬಂದ ಸಿಟ್ಟು! ಮೂವತ್ತು ವರ್ಷದಿಂದ ನಲ್ಲಿಯ ಹತ್ತಿರ ಕಟ್ಟಿದ ಕೋಟೆ ಅದು. “ಏನಮ್ಮ ನೀನು, ಹೇಳೋರು ಕೇಳೋರು ಇಲ್ವಾ ನಿನಗೆ? ನನ್ನ ಯಜಮಾನ್ರು ಮನೇಲಿ ಇದ್ರೆ ತಾನೇ! ಟೆಲಿಫೋನ್ ಕಂಬ ನೆಡೋ ಗ್ಯಾಂಗಲ್ಲಿ ದೇಶ ಸುತ್ತುತಿದ್ರು ಅವರು. ಆ ಎಂಟು ವರ್ಷದಲ್ಲಿ ನಾವಿಬ್ರೂ ಒಟ್ಟಿಗೆ ಇದ್ದಿದ್ದು ಹನ್ನೊಂದೇ ತಿಂಗಳು! ಗಂಡ ಊರಲ್ಲಿಲ್ದೆ ಮಗು ಏನು ಆಕಾಶದಿಂದ ಉದುರುತ್ತಾ?”

ಇಷ್ಟು ಕೂಗಿದವಳು ಬಾಯಿ ಮುಚ್ಚಿಕೊಂಡೆ. ಮೇಡಂ ನನ್ನನ್ನೇ ನೋಡುತ್ತಿದ್ದರು, ಪುಟ್ಟತಾಯಿ ನೆಲ ನೋಡುತ್ತಿದ್ದಳು. ಜಯಶೀಲ ಕುಕ್ಕರಿನ ರಬ್ಬರನ್ನು ಬೆರಳಲ್ಲಿ ಸುತ್ತ ಸವರುತ್ತ ಕೂತಿದ್ದಳು, ಸೀಳು ಎಲ್ಲಿದೆ ಎಂದು ಹುಡುಕುವವಳ ಹಾಗೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಗಾದೆ ಹೇಳಿಕೊಂಡೇ ಬೆಳೆದ ನನಗೆ ನಾಚಿಕೆಯಾಯಿತು. ಸುಳ್ಳು ಯಾಕೆ ಹೇಳಲಿ, ಮೈಯೆಲ್ಲ ಹಿಡಿಯಷ್ಟಾಯಿತು.

“ನಿಮ್ಮ ಕೋಣೇದು ಎಷ್ಟಾಯ್ತೇ?” ಎಂದು ಕೇಳಿದೆ. ಏಳು ವರ್ಷದಲ್ಲಿ ನಾನು ಅದನ್ನು ಕೇಳಿದ್ದು ಅದೇ ಮೊದಲು.

“ಇನ್ನೂರ ಐವತ್ತೆಂಟು ದಿನ ಅತ್ತೆ,” ಎಂದಳು. ಎದ್ದು ಹೋಗಿ ನೋಡಿ ಬರಲಿಲ್ಲ. ತಡವರಿಸಲೂ ಇಲ್ಲ.

ಇನ್ನೂರ ಐವತ್ತೆಂಟು! ಡಾಕ್ಟರ ಹನ್ನೆರಡು ತಿಂಗಳೂ ಆಗಿಲ್ಲ, ನನ್ನ ಹನ್ನೊಂದು ತಿಂಗಳೂ ಆಗಿಲ್ಲ. ಈ ಹುಡುಗಿಯನ್ನು ನಾನು ತವರಿಗೆ ಅಟ್ಟಲು ಹೊರಟಿದ್ದೆ. “ಮೇಡಂ, ನಿಮ್ಮ ದಮ್ಮಯ್ಯ, ಅವಳದನ್ನ ತಿದ್ದಿಬಿಡಿ,” ಎಂದೆ.

“ತಿದ್ದೋಕೆ ಬರಲ್ಲಮ್ಮ. ಗಂಡ ವರ್ಷಕ್ಕೆ ಎಷ್ಟು ತಿಂಗಳು ಹೊರಗಿರ್ತಾರೆ ಅಂತ ಒಂಬತ್ತನೇ ಪುಟದಲ್ಲಿ ನಾನು ಬರೆದೇ ಇದ್ದೀನಿ. ಗುರುತು ಹಾಕೋವಾಗ ಆ ಪುಟ ಯಾರೂ ತಿರುವಲ್ಲ, ಅದಕ್ಕೆ ನಾನೇನು ಮಾಡ್ಲಿ?” ಅವರ ಮುಖ ಸಪ್ಪಗಾಗಿತ್ತು. “ಒಂದು ಮಾತು ಹೇಳ್ತೀನಿ. ಇಡೀ ಸೀಮೆಗೆ ಎಷ್ಟು ಆಸ್ಪತ್ರೆ ಬೇಕು, ಎಷ್ಟು ಡಾಕ್ಟರು ಬೇಕು ಅಂತ ಅಂದಾಜು ಮಾಡೋಕೆ ಈ ಗುರುತು. ಒಬ್ಬಳ ಹಣೆಗೆ ಅಂಟಿಸೋಕಲ್ಲ. ನಾವು ಅಂಟಿಸಲ್ಲ, ನೀವು ಅಂಟಿಸ್ತೀರ.” ಹೇಳಿ, ಆ ಚಿತ್ತು ಫಾರಮ್ಮನ್ನು ನನ್ನ ಕೈಗೇ ಕೊಟ್ಟು ಮುಂದಿನ ಮನೆಗೆ ಹೋದರು. ಎದುರಾಡದೆ ನಾನು ಕಳಿಸಿದ್ದು ಅವರೊಬ್ಬರನ್ನೇ.

ಆದರೆ ಕೊಟ್ಟ ಮಾತು ಹಾಗೇ ಇತ್ತಲ್ಲ. ನೆಂಟರೆಲ್ಲ ಕೇಳಿಸಿಕೊಂಡಿದ್ದರು. ಕಾಗದ ಹೌದು ಎಂದಿತ್ತು. ಮಾತು ತಪ್ಪಿದೆ ಎಂದರೆ ಮುದ್ದಯ್ಯ ಊರೆಲ್ಲ ಡಂಗುರ ಹೊಡೆದು, ಇವತ್ತಲ್ಲ ನಾಳೆ ಇದೇ ವಿಷಯಕ್ಕೆ ತಿರುಗಿ ಬರುತ್ತಾನೆ. ಉಂಡರೂ ರುಚಿ ಹತ್ತಲಿಲ್ಲ. ಜಯಶೀಲ ಮಾತ್ರ ರಿಪೇರಿಗೆ ಬಂದ ಸಾಮಾನನ್ನೆಲ್ಲ ಬೇಗ ಬೇಗ ಮುಗಿಸುತ್ತಿದ್ದಳು. ಯಾರ ಮನೆಯ ಕೆಲಸವನ್ನೂ ಬಾಕಿ ಉಳಿಸಿ ಹೋಗಬಾರದು ಎಂಬಂತೆ. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆಲ್ಲ ತಮ್ಮ ಬಂದ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ವೀಳ್ಯದೆಲೆ. ಜೊತೆಗೆ ಸಾಕ್ಷಿಗೆಂದು ಇಬ್ಬರು ನೆಂಟರು. “ಏನ್ ಬಂತಕ್ಕ?”

“ಹೌದು ಅಂತ ಬಂತು ಕಣೋ.”

ಅವನ ಮುಖ ಅರಳಿತು. “ನಾನು ಹೇಳಿರಲಿಲ್ವಾ? ಈಗ ನಿನ್ನ ಮಾತು ನಡೆಸು.”

“ನಡೆಸದೆ ಏನು? ನಾನು ಮಾತಿಗೆ ತಪ್ಪೋಳಾ?” ಎಂದು ಒಳಗೆ ಹೋಗಿ ನನ್ನ ಟ್ರಂಕನ್ನು ಎಳೆದುಕೊಂಡು ಬಂದು ಅವನ ಕಾಲ ಹತ್ತಿರ ಇಟ್ಟೆ. ನಾಲ್ಕು ಸೀರೆ, ಎಲೆಅಡಿಕೆ ಚೀಲ, ಮಂಡಿನೋವಿನ ಎಣ್ಣೆ ಎಲ್ಲ ಅದರಲ್ಲಿತ್ತು. “ನಡಿ.”

“ಎಲ್ಲಿಗೆ?”

“ತವರಿಗೆ. ನಿನ್ನ ಮನೆಗೆ. ಆಗಲ್ಲ ಅಂತ ಕಾಗದ ಬಂದೋಳು ತವರಿಗೆ ಹೋಗ್ಲಿ ಅಂದಿದ್ದೆ. ನೋಡು, ಇದು ನನ್ನ ಕಾಗದ. ಎಂಟು ವರ್ಷ! ನಿನ್ನ ಅಕ್ಕಂಗೂ ಗುರುತು ಬಿದ್ದೈತೆ. ಇವಳಿಗಿಂತ ಹಿರಿಯಳು ನಾನು, ಸರದೀಲಿ ಮೊದ್ಲು ನಾನು ಹೋಗ್ಬೇಕು. ನಿನ್ನ ಹೆಂಡ್ತಿಗೆ ಹೇಳು, ಬೆಳಿಗ್ಗೆ ಐದಕ್ಕೆ ಕಾಫಿ ಬೇಕು, ಎರಡು ಹೊತ್ತೂ ಮುದ್ದೆ ಬಿಸಿಯಾಗಿರಬೇಕು. ಗಿರಣಿ ಸದ್ದು ನನಗೆ ಆಗಲ್ಲ, ಮಧ್ಯಾಹ್ನ ನಿಲ್ಲಿಸು.”

ಮುದ್ದಯ್ಯ ಕಾಗದ ನೋಡಿದ, ಟ್ರಂಕು ನೋಡಿದ, ನನ್ನ ಮುಖ ನೋಡಿದ. ನನ್ನನ್ನು ಕಂಡರೆ ಅವನ ಹೆಂಡತಿ ಊರ ಆಚೆಯಿಂದಲೇ ದಾರಿ ಬದಲಿಸುವವಳು. “ಅಕ್ಕ, ಇದೆಲ್ಲ ತಮಾಷೆನಾ?” ಎಂದ.

“ತಮಾ‌ಷೆ ನೀನು ಶುರು ಮಾಡಿದ್ದು. ಚೌಕದ ಲೆಕ್ಕ ಎಲ್ರಿಗೂ ಒಂದೇ. ನಿನ್ನ ಹೆಂಡ್ತಿಗೆ ಚೆಲುವಾಂಬ ಹುಟ್ಟಿದ್ದು ಮದುವೆಯಾಗಿ ಎಷ್ಟು ವರ್ಷಕ್ಕೆ, ಅದನ್ನೂ ತೆಗೆಯೋಣ್ವಾ? ನೀನು ಆಗ ಪರಸ್ಥಳದ ಗಿರಣೀಲಿ ಕೂಲಿಗೆ ಇದ್ದೆ. ಆರೋ, ಆರೂವರೆಯೋ?” ಸಾಕ್ಷಿಗೆ ಬಂದ ನೆಂಟರಲ್ಲಿ ಒಬ್ಬ ಪಕ್ಕನೆ ನಕ್ಕ. ಇನ್ನೊಬ್ಬ ಬೆರಳು ಮಡಚಿ ತನ್ನ ಮನೆಯ ಲೆಕ್ಕ ಹಾಕಿಕೊಂಡು ತೆಪ್ಪಗಾದ. ನಾನು ಧ್ವನಿ ಇಳಿಸಿ ಹೇಳಿದೆ: “ಮುದ್ದ, ತಪ್ಪು ನಂದೇ. ಎಲ್ರ ಮುಂದೆ ಬಾಯಿಗೆ ಬಂದಂಗೆ ಅಂದೆ, ಎಲ್ರ ಮುಂದೆ ವಾಪಸ್ ತಗೋತೀನಿ. ಚೆಲುವಾಂಬಂಗೆ ಒಳ್ಳೆ ಕಡೆ ಗಂಡು ನೋಡೋಣ, ನಾನೇ ಮುಂದೆ ನಿಂತು ಮಾಡ್ತೀನಿ. ಈ ಮನೆಗೆ ಸೊಸೆ ಬಂದು ಆಗೈತೆ.” ಅವನು ಸ್ವಲ್ಪ ಹೊತ್ತು ಮುಖ ಗಂಟು ಹಾಕಿಕೊಂಡಿದ್ದ. ಆಮೇಲೆ ತಂದ ಬಾಳೆಹಣ್ಣನ್ನು ತಾನೇ ಎರಡು ಸುಲಿದು ತಿಂದು, ಮಿಕ್ಕಿದ್ದನ್ನು ಜಯಶೀಲಳ ಕೈಗೆ ಕೊಟ್ಟು ಹೋದ.

ನಾನು ಟ್ರಂಕಿನ ಮೇಲೆಯೇ ಕೂತು ದೊಡ್ಡ ಯುದ್ಧ ಗೆದ್ದವಳಂತೆ ಬೀಗುತ್ತಿದ್ದೆ. ಸೊಸೆ ಈಗ ಕಾಲಿಗೆ ಬೀಳುತ್ತಾಳೆ, ನಾನು ಎತ್ತಿ ತಬ್ಬಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಅವಳು ಬಂದು ಎದುರಿಗೆ ಕೂತಳು, ಕಾಲಿಗೆ ಬೀಳಲಿಲ್ಲ.

“ಅತ್ತೆ, ನಿನ್ನೆ ಆ ಮೇಡಂ ಒಂದು ಪ್ರಶ್ನೆ ಕೇಳಿದ್ರು. ನಿನಗೆ ಮಗು ಬೇಕಾ ಅಂತ. ಈ ಏಳು ವರ್ಷದಲ್ಲಿ ಅದನ್ನ ಕೇಳಿದೋರು ಅವರೊಬ್ಬರೇ.”

ನನ್ನ ಜಂಬ ಅಲ್ಲಿಗೇ ಇಳಿಯಿತು. “ಏನಂದೆ?”

“ಬೇಕು ಅಂದೆ. ಅವರಿಗೆ ಅಷ್ಟು ಸಾಕಿತ್ತು, ಗುರುತು ಹಾಕ್ಕೊಂಡ್ರು. ಇನ್ನೊಂದು ಮಾತು ಹೇಳೋದಿತ್ತು. ಅದಕ್ಕೆ ಕಾಲಂ ಇರಲಿಲ್ಲ.”

“ನನಗೆ ಹೇಳು. ನಾನು ಕೇಳ್ತೀನಿ.”

ಅವಳು ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕಳು. “ಮಗು ಬೇಕು ಅತ್ತೆ. ಅದಕ್ಕೂ ಮೊದ್ಲು ನನಗೆ ನಿಮ್ಮ ಮಗ ಬೇಕು.”

ನಾನು ಅತ್ತುಬಿಟ್ಟೆ. ಆ ಎಂಟು ವರ್ಷ ನನಗೂ ಅದೇ ಬೇಕಾಗಿತ್ತು. ಕಂಬದ ಗ್ಯಾಂಗಿನಿಂದ ಯಾರಾದರೂ ಬಂದರೆ ಬಾಗಿಲಿಗೆ ಓಡುತ್ತಿದ್ದೆ. ನಮ್ಮತ್ತೆ ಮಗು ಯಾವಾಗ ಎಂದು ಮಾತ್ರ ಕೇಳುತ್ತಿದ್ದರು, ಅದಕ್ಕೇ ಉತ್ತರ ಹೇಳಿ ಹೇಳಿ ನನಗೆ ಬೇಕಾಗಿದ್ದು ಏನು ಎಂಬುದೇ ಮರೆತುಹೋಗಿತ್ತು. ಅತ್ತೆ ಸೊಸೆ ಇಬ್ಬರೂ ಅತ್ತು, ಒಬ್ಬರ ಮುಖ ಒಬ್ಬರು ನೋಡಿ ನಕ್ಕು, ಆಮೇಲೆ ನಾನೇ ಎದ್ದು ಮಗನಿಗೆ ಫೋನು ಹಚ್ಚಿದೆ.

“ಅವ್ವಾ, ಇನ್ನೂ ಮೂರು ಬೋರ್ ಬಾಕಿ ಐತೆ. ಏನು ಅರ್ಜೆಂಟು?” ಎಂದ ಮಾದೇಶ. ಹಿಂದೆ ಮೆಷಿನ್ನಿನ ಗದ್ದಲ. ಬೈಯಲು ಬಾಯಿ ತೆರೆದವಳು ತಡೆದುಕೊಂಡೆ. ಫೋನನ್ನು ಜಯಶೀಲಳ ಕೈಗೆ ಕೊಟ್ಟು, “ನಾನು ಹೇಳಿದ್ರೆ ಅದು ಅವ್ವನ ಮಾತಾಗುತ್ತೆ. ನೀನೇ ಹೇಳು,” ಎಂದೆ.

ಅವಳು ಫೋನು ಹಿಡಿದು ಗೋಡೆಯ ಕಡೆಗೆ ತಿರುಗಿದಳು. ಆಚೆಯಿಂದ ಅವನು ಹಲೋ ಹಲೋ ಎನ್ನುವುದು ನನಗೂ ಕೇಳಿಸುತ್ತಿತ್ತು. ಕಡೆಗೆ ಅವಳು ಹೇಳಿದ್ದು ಒಂದೇ ಮಾತು: “ಬನ್ನಿ.”

ಮದುವೆಯಾದಾಗಿನಿಂದ ಅವಳು ಒಂದು ಸಲವೂ ಹಾಗೆ ಕರೆದಿರಲಿಲ್ಲವಂತೆ, ನಾನು ಏನನ್ನುತ್ತೇನೋ ಎಂದು. ಅವನೂ ಒಂದು ಸಲವೂ ತಾನಾಗಿ ಉಳಿದಿರಲಿಲ್ಲ, ಅವಳಿಗೆ ಬೇಡವೇನೋ ಎಂದು. ಮೂರು ಬೋರನ್ನು ಬೇರೆಯವರಿಗೆ ಒಪ್ಪಿಸಿ ಗುರುವಾರ ಮಧ್ಯಾಹ್ನದ ಬಸ್ಸಿಗೆ ಬಂದಿಳಿದ. ಶುಕ್ರವಾರ ಬೆಳಿಗ್ಗೆ ಅವರ ಕೋಣೆಯಲ್ಲಿ ಇನ್ನೂರ ಐವತ್ತೊಂಬತ್ತನೇ ಹಾಳೆ ಉದುರಿತು.